ಕಾಗದಕ್ಕೆ ಕೊಟ್ಟ ಚೀಜುಗಳು

ಬಸ್ಸಿನಲ್ಲಿ ಕೂತಾಗ ಅಕ್ಕೋರ ಬಾಯಿ ಮುಚ್ಚಿರುತ್ತಿತ್ತು, ಗಂಟಲು ಮಾತ್ರ ಆಡುತ್ತಿರುತ್ತಿತ್ತು. ಕೊರಳಿನ ಚರ್ಮದ ಕೆಳಗೆ ಬಟಾಣಿಯಷ್ಟು ಏನೋ ಮೇಲೆ ಹೋಗಿ, ನಿಂತು, ಮೆಲ್ಲಗೆ ಇಳಿಯುವುದು ಪಕ್ಕದಲ್ಲಿದ್ದವರಿಗೆ ಕಾಣುತ್ತಿತ್ತು. ದನಿ ಇಲ್ಲ. ಇಳಕಲ್ಲಿನಿಂದ ಹುನಗುಂದದವರೆಗೂ ಹೀಗೇ. ಒಮ್ಮೆ ಬದಿಯ ಸೀಟಿನ ಮುದುಕಿಯೊಬ್ಬಳು ತಡೆಯಲಾರದೆ ಕೇಳಿದಳು:

"ಯವ್ವಾ, ಆವಾಗಿಂದ ಏನ್ ನುಂಗಾಕತ್ತಿ?"

"ಪಾಠ ಬೇ," ಎಂದರು ಅಕ್ಕೋರು.

"ಪಾಠಾನ ಯಾರರ ನುಂಗ್ತಾರೇನ?"

"ಹೊರಗ ತಗ್ಯಾಕ ಜಾಗಾ ಇಲ್ಲಲ್ಲ ಬೇ."

ಮುದುಕಿ ನಕ್ಕಳು. ಅಕ್ಕೋರು ನಗಲಿಲ್ಲ. ಅದು ಅವರ ಮಟ್ಟಿಗೆ ಬರೀ ವರದಿ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ. ಇವರು ಇಳಕಲ್ಲಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹಾಡು ಕಲಿಸುತ್ತಿದ್ದರು. ಎಪ್ಪತ್ತರ ದಶಕದ ನಡುವಿನ ಮಾತು. ಆಗ ಅವರಿಗೆ ಮೂವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕಾಗಿಲ್ಲ ಎಂದು ಕೇಳುವುದನ್ನು ಓಣಿಯವರು ಬಿಟ್ಟು ಬಹಳ ದಿನವಾಗಿತ್ತು. ಸಾಲಿಯಲ್ಲಿ ಹಾಡಿನ ತಾಸು ನಡೆಯುತ್ತಿದ್ದದ್ದು ಭೂಪಟಗಳನ್ನೂ ಮುರಿದ ಬೆಂಚುಗಳನ್ನೂ ಇಟ್ಟ ಕೋಣೆಯಲ್ಲಿ. ಅದಕ್ಕಿದ್ದದ್ದು ಒಂದೇ ಕಿಟಕಿ. ದನಿ ಗಣಿತದ ತರಗತಿಗೆ ಹೋಗುತ್ತದೆಂದು ಅದನ್ನೂ ಮುಚ್ಚಿಸಿದ್ದರು. ಪರೀಕ್ಷೆ ಹತ್ತಿರ ಬಂದರೆ ಆ ತಾಸನ್ನೂ ಗಣಿತವೇ ತೆಗೆದುಕೊಳ್ಳುತ್ತಿತ್ತು. ಸಾಲಿಗೆ ಅಕ್ಕೋರು ನಿಜವಾಗಿ ಬೇಕಾಗುತ್ತಿದ್ದದ್ದು ಅಧಿಕಾರಿಗಳು ಬಂದಾಗ. 'ಬನ್ನಿ ಬನ್ನಿ' ಎಂಬ ಸ್ವಾಗತಗೀತೆ ಒಂದೇ, ಒಳಗಿನ ಹುದ್ದೆ ಮಾತ್ರ ಬದಲಾಗುತ್ತಿತ್ತು. ಈ ವಾರ ತಹಶೀಲ್ದಾರರು, ಮುಂದಿನ ವಾರ ಇನ್ನೊಬ್ಬರು.

"ಇಂಜಿನಿಯರ್ ಸಾಹೇಬ್ರು ಬಂದ್ರ ಭಾಳ ತ್ರಾಸು ತಮ್ಮಾ," ಎಂದು ಒಮ್ಮೆ ನನಗೆ ಹೇಳಿದ್ದರು. "ಒಂದೂವರಿ ಮಾತ್ರಿ ಹೆಚ್ಚಾಗ್ತಾರ. ತಾಳಕ್ಕ ಕೂಡ್ರಂಗಿಲ್ಲ."

ನಾನು ಆಗ ಹುಬ್ಬಳ್ಳಿಯ ಒಂದು ಪತ್ರಿಕೆಗೆ ಇಳಕಲ್ಲಿನಿಂದ ಸುದ್ದಿ ಕಳಿಸುತ್ತಿದ್ದೆ. ಜೊತೆಗೆ ಒಂದು ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಡುತ್ತಿದ್ದೆ. ಅಕ್ಕೋರು ನನ್ನಲ್ಲಿಗೆ ಬಂದದ್ದು ಒಂದು ಅರ್ಜಿ ಹಿಡಿದುಕೊಂಡು. ಸಂಗೀತದಲ್ಲಿ ಡಾಕ್ಟರೇಟ್ ಪದವಿಗೆ ನೋಂದಣಿ. ಪ್ರಬಂಧ ಬರೆಯಬೇಕು, ಪರೀಕ್ಷಕರೆದುರು ಹಾಡಿಯೂ ತೋರಿಸಬೇಕು. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಸಂಗೀತ ವಿಭಾಗ ತೆರೆಯುವವರಿದ್ದರು. ಪದವಿ ಇದ್ದರೆ ಆ ಕೆಲಸ ಅವರಿಗೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಭೂಪಟದ ಕೋಣೆಯಿಂದ ಹೊರಬರಲು ಅವರಿಗೆ ಇದ್ದದ್ದು ಅದೊಂದೇ ಬಾಗಿಲು.

ಪ್ರಬಂಧದ ವಿಷಯ ಅವರ ಗುರುವಿನ ಚೀಜುಗಳು. ಹಾಡುಗಾರರು ತಮ್ಮ ಮನೆತನದಲ್ಲಿ ಉಳಿದುಬಂದ ರಚನೆಗಳನ್ನು ಚೀಜು ಎನ್ನುತ್ತಾರೆ. ಗುರು ಹುನಗುಂದದ ಉಸ್ತಾದರು. ನಾಟಕ ಕಂಪನಿಯಲ್ಲಿ ಹಾಡಿ, ಕಂಪನಿ ಮುಳುಗಿದ ಮೇಲೆ ಊರಿಗೆ ಬಂದು ನೆಲೆಸಿದ್ದ ವೃದ್ಧರು. ಅಕ್ಕೋರ ತಂದೆ ಲಿಂಗವಂತ ವ್ಯಾಪಾರಿ. ಹನ್ನೆರಡು ವರ್ಷದ ಮಗಳನ್ನು ಕೈಹಿಡಿದು ಕರೆದುಕೊಂಡು ಹೋಗಿ ಉಸ್ತಾದರಿಂದ ಮಣಿಕಟ್ಟಿಗೆ ಶಿಷ್ಯತ್ವದ ದಾರ ಕಟ್ಟಿಸಿದ್ದರು. ಸಂಬಂಧಿಕರು ಆಕ್ಷೇಪಿಸಿದಾಗ, "ಅಣ್ಣ ಬಸವಣ್ಣ ಕಾಯಕ ನೋಡ್ರಿ ಅಂದಾನ, ಅದನ್ನ ಮಾಡೀನಿ" ಎಂದು ಬಾಯಿ ಮುಚ್ಚಿಸಿದ್ದರಂತೆ. ದಾರ ಕಟ್ಟಿಸಿಕೊಳ್ಳುವಾಗ ಹುಡುಗಿ ಒಂದು ಆಣೆಯನ್ನೂ ಮಾಡಬೇಕಿತ್ತು. ಗಂಟಲಿನಿಂದ ಬಂದದ್ದನ್ನು ಗಂಟಲಿಗೇ ಕೊಡಬೇಕು.

ಉಸ್ತಾದರ ಬಳಿ ಮೂವತ್ತಾರು ಚೀಜುಗಳಿದ್ದವು. ಅವು ಬೇರೆ ಯಾರ ಬಳಿಯೂ ಇರಲಿಲ್ಲ. ಅಕ್ಕೋರಿಗೆ ಸಣ್ಣವರಿದ್ದಾಗ ಬಂದದ್ದು ಆರು. ಉಳಿದ ಮೂವತ್ತನ್ನು ಉಸ್ತಾದರು ಯಾರಿಗೂ ಕೊಟ್ಟಿರಲಿಲ್ಲ. ಅವನ್ನೆಲ್ಲ ಸ್ವರಲಿಪಿಯಲ್ಲಿ ಬರೆದಿಡುವುದೇ ಪ್ರಬಂಧ. ಕೇಳಲು ಹೋದಾಗ ಉಸ್ತಾದರು "ಬರಕೋ ಬೇಟಿ" ಎಂದರು. ಆಣೆಯಿಂದ ತಮ್ಮನ್ನು ಬಿಡುಗಡೆ ಮಾಡಿದರೆಂದು ಅಕ್ಕೋರು ತಿಳಿದರು. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತುಬಿಟ್ಟೆ ಎಂದು ಅವರೇ ನನಗೆ ಹೇಳಿದ್ದು.

ಮೂರು ವರ್ಷ ಪ್ರತಿ ಭಾನುವಾರ ಹುನಗುಂದ. ತೊಡೆಯ ಮೇಲೆ ವಹಿ ಇಟ್ಟುಕೊಂಡು ಉಸ್ತಾದರು ಹಾಡಿದ್ದನ್ನು ಬರೆದುಕೊಳ್ಳುವುದು. ಸೋಮವಾರ ಸಾಲಿ ಬಿಟ್ಟ ಮೇಲೆ ನನ್ನಲ್ಲಿಗೆ ಬರುವುದು. ನಮ್ಮ ಟೈಪ್‌ರೈಟರಿನಲ್ಲಿ ಮಂದ್ರ ಸ್ವರದ ಕೆಳಗಿನ ಚುಕ್ಕೆಯೂ ಇಲ್ಲ, ತಾರಸ್ವರದ ಮೇಲಿನ ಚುಕ್ಕೆಯೂ ಇಲ್ಲ. ನಾನು ಅಕ್ಷರ ಹೊಡೆದುಕೊಡುತ್ತಿದ್ದೆ. ಅವರು ನಾಲ್ಕು ಪ್ರತಿಗಳಲ್ಲಿಯೂ ಕೈಯಿಂದ ಚುಕ್ಕೆ ಇಡುತ್ತಿದ್ದರು. ಒಂದು ಚುಕ್ಕೆ ತಪ್ಪಿದರೆ ಹಾಳೆ ಹರಿದು ಮತ್ತೆ ಟೈಪ್ ಮಾಡಿಸುತ್ತಿದ್ದರು. ನನ್ನ ಸಿಟ್ಟು ನೋಡಿ, "ನಿಮ್ಮ ಪೇಪರಿನಾಗ ತಪ್ಪಾದ್ರ ನಾಳೆ ತಿದ್ಕೊತೀರಿ. ನನಗ ನಾಳೆ ಎಲ್ಲೈತಿ?" ಎನ್ನುತ್ತಿದ್ದರು.

ತಮಗೆ ಬರುತ್ತಿದ್ದ ಆರು ಚೀಜುಗಳನ್ನು ಕೊನೆಗೆ ಇಟ್ಟುಕೊಂಡಿದ್ದರು. ಅವನ್ನೂ ಉಸ್ತಾದರ ಬಾಯಿಂದಲೇ ಬರೆದುಕೊಳ್ಳಬೇಕೆಂದು ವಿಶ್ವವಿದ್ಯಾಲಯದ ಮಾರ್ಗದರ್ಶಕರು ಹೇಳಿದ್ದರು. ಬರೆದುಕೊಂಡು ಬಂದರು. ಟೈಪಾದ ಮೇಲೆ ತಾಳೆ ನೋಡುವ ನಮ್ಮ ಕ್ರಮ ಹೀಗಿತ್ತು. ನಾನು ಹಾಳೆಯಿಂದ ಸ್ವರಗಳನ್ನು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಗಂಟಲಿನಲ್ಲೇ ಹಾಡಿಕೊಳ್ಳುತ್ತಿದ್ದರು. ಆ ದಿನ ಮೊದಲನೆಯ ಚೀಜಿನಲ್ಲೇ ಕೈ ಎತ್ತಿದರು.

"ಇಲ್ಲಿ ತಪ್ಪು ಹೊಡದಿ."

ನಾನು ಅವರ ವಹಿ ತೋರಿಸಿದೆ. ಅವರದೇ ಅಕ್ಷರ. ಟೈಪಿನಲ್ಲಿ ತಪ್ಪಿರಲಿಲ್ಲ.

"ಉಸ್ತಾದ್ರಿಗೆ ವಯಸ್ಸಾತು," ಎಂದು ತಮಗೆ ತಾವೇ ಹೇಳಿಕೊಂಡರು. ಎರಡನೆಯದರಲ್ಲಿ ಮತ್ತೆ ಕೈ ಎದ್ದಿತು. ಮೂರನೆಯದರಲ್ಲೂ. ಆರರಲ್ಲಿಯೂ ಒಂದೊಂದೇ ವ್ಯತ್ಯಾಸ, ಆರರಲ್ಲಿಯೂ ಒಂದೇ ಜಾಗದಲ್ಲಿ. ತಾಳದ ಸುತ್ತು ಮುಗಿದು ಹಾಡು ಬಂದು ಕೂಡುವ ಮೊದಲ ಮಾತ್ರೆಗೆ ಸಮ್ ಎನ್ನುತ್ತಾರೆ. ಆ ಸಮ್ಮಿಗೆ ಬರುವ ದಾರಿ ಕಾಗದದಲ್ಲಿ ಬೇರೆ, ಅಕ್ಕೋರ ಗಂಟಲಿನಲ್ಲಿ ಬೇರೆ. ಮರೆವು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಅದು ನನಗೂ ಗೊತ್ತಾಯಿತು.

ಮುಂದಿನ ಭಾನುವಾರ ಹುನಗುಂದದಲ್ಲಿ ನನಗೂ ಒಂದು ಸಭೆಯ ವರದಿ ಇತ್ತು. ಅದನ್ನು ಮುಗಿಸಿ ಉಸ್ತಾದರ ಮನೆಗೆ ಹೋದೆ. ಉಸ್ತಾದರು ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅಕ್ಕೋರು ಹಾಳೆಗಳನ್ನು ಅವರ ಮುಂದಿಟ್ಟರು.

"ಉಸ್ತಾದ್ರ, ಈ ಆರೂ ನಾ ಸಣ್ಣಾಕಿ ಇದ್ದಾಗ ನೀವು ಹೇಳಿಕೊಟ್ಟಂಗ ಇಲ್ರಿ."

"ಇಲ್ಲ," ಎಂದರು ಉಸ್ತಾದರು.

"ಮರ್ತೀರೇನ್ರಿ?"

ಅಡಕತ್ತರಿ ನಿಂತಿತು. "ಯಾಂವ ಮರ್ತಾಂವ? ನಾನ? ಮುಂಜಾನಿ ಏನ್ ತಿಂದೆ ಅನ್ನೂದು ಮರೀತೀನಿ ಬೇಟಿ. ಇದನ್ನ ಮರ್ಯಂಗಿಲ್ಲ."

"ಮತ್ತ?"

"ಮತ್ತೇನು. ನಿನ್ನ ತೊಡಿ ಮ್ಯಾಲ ವಹಿ ಇತ್ತು, ಕೈಯಾಗ ಪೆನ್ ಇತ್ತು. ಕಾಗದಕ್ಕ ಕೊಟ್ಟೆ."

ಅವರ ದನಿಯಲ್ಲಿ ಅಪರಾಧಿಯ ಅಳುಕು ಇರಲಿಲ್ಲ. ಕಂಪನಿಯ ದಿನಗಳಲ್ಲಿ ಹಾರ್ಮೋನಿಯಂನವನೊಬ್ಬ ಪರದೆಯ ಹಿಂದೆ ಕೂತು ಉಸ್ತಾದರ ಗುರುವಿನ ಚೀಜುಗಳನ್ನು ಬರೆದುಕೊಂಡು ಹೋಗಿ, ತನ್ನವೆಂದು ಹಾಡಿ ಹೆಸರು ಮಾಡಿದ್ದನಂತೆ. ಅಂದಿನಿಂದ ಆ ಮನೆಯಲ್ಲಿ ಒಂದು ಪದ್ಧತಿ ಬಂತು. ಕಾಗದ ಕಂಡರೆ ಚೀಜಿನ ಮುಖ ಒಂದಿಷ್ಟು ತಿರುಗಿಸಿ ಹಾಡುವುದು. ಬರೆದುಕೊಂಡವನು ಮುಂದೆ ಎಲ್ಲಿ ಹಾಡಿದರೂ ಕಳವಿನ ಮಾಲು ಎಂದು ಮನೆಯವರಿಗೆ ತಿಳಿಯಬೇಕು.

"ನನ್ನ ಕೈಲೂ ಹಂಗ ಬರಸಿದ್ರ್ಯಾ? ಮೂರು ವರ್ಷಾ?"

"ನಿನಗ ಗೊತ್ತೈತಿ ಅಂದ್ಕೊಂಡಿದ್ದೆ." ಈ ಸಲ ನಿಜವಾಗಿ ಬೆರಗಾದವರು ಉಸ್ತಾದರು. "ನೀ ನನ್ನ ಕೈಲೆ ದಾರಾ ಕಟ್ಟಿಸ್ಕೊಂಡ ಶಾಗಿರ್ದ್. ಸರಕಾರಕ್ಕ ಏನರ ಒಂದು ಕೊಡಬೇಕು, ಅಸಲಿ ಬಿಟ್ಟು ಬರಕೊಂಡ್ ಹೊಂಟಾಳ, ಜಾಣಿ ಅದಾಳ ಅಂತ ಖುಷಿಪಟ್ಟಿದ್ದೆ."

ಉಸ್ತಾದರು ಹಾಳೆಗಳನ್ನು ಒಟ್ಟು ಮಾಡಿ ಅವರ ಕೈಗೆ ಕೊಟ್ಟರು.

"ಪೆನ್ ಕೆಳಗಿಡು. ಮೂವತ್ತೂ ಕೊಡ್ತೀನಿ, ಇವತ್ತ ಸುರು ಮಾಡೂಣು. ಆದ್ರ ಕಾಗದಕ್ಕ ಹೋಗಬಾರದು. ನಾ ಸತ್ತ ಮ್ಯಾಲೂ ಹೋಗಬಾರದು."

ಆ ದಿನ ಪಾಠ ಸುರುವಾಗಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಅಕ್ಕೋರ ಗಂಟಲು ಆಡಲಿಲ್ಲ.

ನೋಂದಣಿಯ ಅವಧಿ ಮುಗಿಯಲು ನಾಲ್ಕು ತಿಂಗಳಿತ್ತು. ಅಸಲಿ ಬರೆದರೆ ಆಣೆ ಮುರಿದಂತೆ. ಬರೆಯಲು ಗೊತ್ತಿದ್ದದ್ದಾದರೂ ಆರೇ. ಕಾಗದಕ್ಕೆ ಕೊಟ್ಟವನ್ನು ತೆಗೆದುಹಾಕಿದರೆ ಪ್ರಬಂಧದಲ್ಲಿ ಮುನ್ನುಡಿ ಬಿಟ್ಟು ಏನೂ ಉಳಿಯುವುದಿಲ್ಲ. ಎರಡು ವಾರ ಅವರು ನನ್ನ ಕಡೆ ಬರಲಿಲ್ಲ. ಬಂದಾಗ ಆ ಆರು ಚೀಜುಗಳ ಕೊನೆಯ ಪ್ರತಿಗೆ ಹಾಳೆಗಳನ್ನು ಮೇಜಿನ ಮೇಲಿಟ್ಟು, "ಬರದಂಗ ಹೊಡಿ" ಎಂದರು.

"ಮುನ್ನುಡಿಯಾಗ ಒಂದು ಸಾಲು ಹಾಕ್ರೆಲ್ಲ ಅಕ್ಕೋರ. ಇವು ಕಾಗದಕ್ಕ ಕೊಟ್ಟವು ಅಂತ."

"ಆ ಸಾಲು ಓದಿ ಪ್ರಬಂಧ ಯಾರು ತೊಗೊಂತಾರ? ತೊಗೊಳ್ಳಲಿಲ್ಲಂದ್ರ ಮುಂದಿನ ವಾರ ಮತ್ತ ಯಾರಿಗೆ ಬನ್ನಿ ಬನ್ನಿ ಅನ್ಲಿ?"

ನಾನು ಟೈಪ್ ಮಾಡಿದೆ. ಅವರು ಚುಕ್ಕೆ ಇಟ್ಟರು. ಒಂದು ಚುಕ್ಕೆಯೂ ತಪ್ಪಲಿಲ್ಲ.

ಪರೀಕ್ಷೆ ಸಾರ್ವಜನಿಕವಾಗಿತ್ತು. ಪತ್ರಿಕೆಯವನೆಂದು ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಇಬ್ಬರು ಪರೀಕ್ಷಕರು. ಹಿರಿಯರ ಮುಂದೆ ಕಟ್ಟು ಹಾಕಿದ ಪ್ರಬಂಧ ತೆರೆದಿತ್ತು. ಅಕ್ಕೋರು ಹಾಡಿದಂತೆ ಅವರ ಸೀಸದ ಕಡ್ಡಿ ಸಾಲಿನ ಮೇಲೆ ಸರಿಯುತ್ತಿತ್ತು. ಮೊದಲ ಎರಡು ಚೀಜು ಬರೆದಂತೆಯೇ ಹೋದವು. ಮೂರನೆಯದು ಸಣ್ಣವರಿದ್ದಾಗ ಬಂದ ಆರರಲ್ಲಿ ಒಂದು. ಎರಡನೆಯ ಸುತ್ತಿನಲ್ಲಿ ಗಂಟಲು ತನ್ನ ಹಳೆಯ ದಾರಿ ಹಿಡಿಯಿತು. ಯಾವ ಸ್ವರ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ತಬಲಾದವರು ತಾವರಿಯದೆ ತಲೆದೂಗಿದರು. ಸೀಸದ ಕಡ್ಡಿ ನಿಂತಿತು.

"ನಿಮ್ಮ ಪುಸ್ತಕದಾಗ ಹಿಂಗಿಲ್ಲಲ್ರಿ?" ಎಂದರು ಪರೀಕ್ಷಕರು, ಮೃದುವಾಗಿಯೇ.

ತಂಬೂರಿ ಮೀಟುತ್ತಿದ್ದ ಅಕ್ಕೋರ ಬೆರಳು ನಿಲ್ಲಲಿಲ್ಲ.

"ತಪ್ಪಾತ್ರಿ," ಎಂದರು. "ಮತ್ತೊಮ್ಮೆ ಹಾಡ್ತೇನಿ."

ಪುಸ್ತಕದಲ್ಲಿದ್ದಂತೆ ಹಾಡಿದರು. ತಪ್ಪನ್ನು ಕೂಡಲೇ ಒಪ್ಪಿಕೊಂಡ ಪ್ರಾಮಾಣಿಕತೆಯನ್ನು ಪರೀಕ್ಷಕರು ತಮ್ಮ ಮಾತಿನಲ್ಲಿ ವಿಶೇಷವಾಗಿ ಮೆಚ್ಚಿದರು. ಪದವಿ ಸಿಕ್ಕಿತು. ಅಳಿದುಹೋಗಲಿದ್ದ ಮೂವತ್ತಾರು ಚೀಜುಗಳು ಉಳಿದವು ಎಂದು ನಾನು ವರದಿ ಕಳಿಸಿದೆ. ಗೊತ್ತಿದ್ದೂ ಕಳಿಸಿದೆ.

ಆಶೀರ್ವಾದಕ್ಕೆ ಹೋದಾಗ ಉಸ್ತಾದರು ಕೇಳಿದ್ದು ಒಂದೇ. "ಅಲ್ಲಿ ಯಾವುದು ಹಾಡಿದಿ?"

"ಬರದದ್ದು."

"ಶಾಬಾಸ್! ಮನಿ ಮಾಲು ಮನ್ಯಾಗ ಉಳೀತು."

ಅವರು ಅದನ್ನು ನಿಷ್ಠೆ ಎಂದು ತಿಳಿದರು. ಅಲ್ಲವೆಂದು ಹೇಳುವ ಧೈರ್ಯ ಅಕ್ಕೋರಿಗೆ ಬರಲಿಲ್ಲ. ಆ ದಿನದಿಂದಲೇ ಅಸಲಿ ಪಾಠ ಸುರುವಾಯಿತು, ಪೆನ್ನಿಲ್ಲದೆ. ಅಕ್ಕೋರು ಬಾಗಲಕೋಟೆಯ ಕಾಲೇಜಿಗೆ ಸೇರಿದ ಮೇಲೂ ಭಾನುವಾರ ತಪ್ಪಿಸಲಿಲ್ಲ. ಒಂಬತ್ತು ಚೀಜು ಆಗುವಷ್ಟರಲ್ಲಿ ಉಸ್ತಾದರಿಗೆ ಲಕ್ವಾ ಹೊಡೆದು ಮಾತು ಹೋಯಿತು. ಆಮೇಲೆ ಒಂದು ತಿಂಗಳು ಬದುಕಿದ್ದರು. ಅಕ್ಕೋರು ಹಾಸಿಗೆಯ ಬದಿಗೆ ಕೂತು, ಹತ್ತನೆಯದಕ್ಕೆ ಇದ್ದೀತು ಎನಿಸಿದ ದಾರಿಗಳನ್ನೆಲ್ಲ ಒಂದೊಂದಾಗಿ ಹಾಡಿ ತೋರಿಸಿದರು. ಸರಿ ಬಂದರೆ ಕಣ್ಣು ಮುಚ್ಚಿ ತೆರೆಯಿರಿ ಎಂದಿದ್ದರು. ಉಸ್ತಾದರು ಕಣ್ಣು ಮುಚ್ಚಲೇ ಇಲ್ಲ. ಆರು, ಒಂಬತ್ತು, ಒಟ್ಟು ಹದಿನೈದು. ಉಳಿದ ಇಪ್ಪತ್ತೊಂದಕ್ಕೆ ಈಗ ತಿರುಗಿಸಿದ ಮುಖವಷ್ಟೇ ಇದೆ.

ಬಾಗಲಕೋಟೆಯ ಕೋಣೆಗೆ ಮೂರು ಕಿಟಕಿಗಳಿದ್ದವು. ಕಲಿಯಲೆಂದೇ ಬಂದ ಹುಡುಗಿಯರಿದ್ದರು. ಆದರೆ ಪಠ್ಯಕ್ಕೆ ಬಂದದ್ದು ಅವರದೇ ಪ್ರಬಂಧ. ಬಾದಾಮಿಯಿಂದ, ಬೇವೂರಿನಿಂದ, ಶಿರೂರಿನಿಂದ ಬಂದ ಹುಡುಗಿಯರು ತಿರುಗಿಸಿದ ಮುಖಗಳನ್ನು ಬಾಯಿಪಾಠ ಮಾಡಿ ಸೊಗಸಾಗಿ ಹಾಡುತ್ತಿದ್ದರು. ಅಕ್ಕೋರು ತಾಳ ಹಾಕುತ್ತ ಕೂರುತ್ತಿದ್ದರು. ಮನೆಯಲ್ಲಿ ಮಾತ್ರ ಆರಿಸಿದ ಮೂವರಿಗೆ ಅಸಲಿ ಹೇಳಿಕೊಡುತ್ತಿದ್ದರು. ಆ ಹುಡುಗಿಯರು ಒಳಗೆ ಬರುವ ಮುನ್ನ ತಮ್ಮ ಪೆನ್ನುಗಳನ್ನು ಹೊಸ್ತಿಲ ಬಳಿಯ ಸ್ಟೀಲ್ ಡಬ್ಬಿಯಲ್ಲಿ ಹಾಕಬೇಕಿತ್ತು. ಯಾಕೆಂದು ಹೇಳುತ್ತಿರಲಿಲ್ಲ. ಹೇಳಿದರೆ ಪ್ರಬಂಧದ ಮಾತು ಬರುತ್ತಿತ್ತು.

ಆ ಮೂವರಲ್ಲಿ ಬಾದಾಮಿಯವಳು ಎಲ್ಲರಿಗಿಂತ ಚುರುಕು. ಕೊನೆಯ ವರ್ಷದ ಪರೀಕ್ಷೆಯಲ್ಲಿ, ಅಕ್ಕೋರಿಗೆ ಖುಷಿಯಾಗಲೆಂದು, ಮನೆಯಲ್ಲಿ ಕಲಿತಂತೆ ಹಾಡಿದಳು. ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧ ತೆರೆದು ತೋರಿಸಿ, "ಇದು ನಿಮ್ಮದ ಪುಸ್ತಕ, ನೀವ ಹೇಳ್ರಿ" ಎಂದು ಅಕ್ಕೋರ ಕಡೆ ತಿರುಗಿದರು. "ಪುಸ್ತಕದಾಗ ಇಲ್ಲ, ಖರೆ ಐತ್ರಿ," ಎಂದರು ಅಕ್ಕೋರು. ಅಂಕ ಕಡಿಮೆಯಾಯಿತು. ಆ ಅಂಕಪಟ್ಟಿಗೆ ಅಕ್ಕೋರೂ ಸಹಿ ಹಾಕಿದರು.

ಹುಡುಗಿ ವರಾಂಡದಲ್ಲಿ ಕಾಯುತ್ತಿದ್ದಳಂತೆ. "ಅಕ್ಕೋರ, ನೀವ ಹಿಂಗ ಹೇಳಿಕೊಟ್ಟಿದ್ರೆಲ್ರಿ?"

"ಹೌದವಾ."

"ಮತ್ತ ನಂದ್ಯಾಕ ತಪ್ಪಾತ್ರಿ?"

"ನಿಂದು ತಪ್ಪಲ್ಲ," ಎಂದರಂತೆ. ಆ ಹುಡುಗಿ ಮತ್ತೆ ಮನೆಗೆ ಬರಲಿಲ್ಲ. ಡಬ್ಬಿಯಲ್ಲಿದ್ದ ತನ್ನ ಪೆನ್ನನ್ನೂ ಒಯ್ಯಲಿಲ್ಲ.

ಇದನ್ನು ನನಗೆ ಹೇಳಿದಾಗ ಅಕ್ಕೋರ ದನಿ ಸಮವಾಗಿತ್ತು. "ಭೂಪಟದ ಖೋಲ್ಯಾಗ ನಾ ಯಾರಿಗೂ ಸುಳ್ಳು ಹೇಳಿರಲಿಲ್ಲ ನೋಡು," ಎಂದಷ್ಟೇ ಸೇರಿಸಿದರು.

ನನ್ನ ಕಸುಬಿಗೆ ಅವರಿಂದ ಬಂದದ್ದನ್ನು ಇಲ್ಲಿ ದಾಖಲಿಸಬೇಕು. ಜನ ಪೆನ್ನಿಗೆ ಒಂದು ಹೇಳುತ್ತಾರೆ, ಮನುಷ್ಯನಿಗೆ ಇನ್ನೊಂದು ಹೇಳುತ್ತಾರೆ ಎಂಬುದನ್ನು ನಾನು ಸಂಪಾದಕರಿಂದ ಕಲಿತಿಲ್ಲ. ಆಮೇಲಿನ ವರ್ಷಗಳಲ್ಲಿ ಯಾರ ಮನೆಗೆ ಸುದ್ದಿಗೆ ಹೋದರೂ ಮೊದಲು ವಹಿ ಮುಚ್ಚಿಟ್ಟು ಕೇಳಿದೆ. ಕೇಳಿದ್ದನ್ನೆಲ್ಲ ಬರೆಯುವ ಹಕ್ಕು ನನಗಿಲ್ಲ ಎಂಬುದನ್ನೂ ಅವರ ಬದುಕೇ ಕಲಿಸಿತು. ಈ ಎರಡರ ನಡುವೆ ಕೆಲಸ ಮಾಡುವುದು ಸುಲಭವಲ್ಲ. ಆದರೂ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಎಂಬತ್ತರ ದಶಕದ ಕೊನೆಗೆ ಅವರಿಗೆ ಕಾಮಾಲೆಯಾಯಿತು. ಮೊದಲು ನಾಟಿ ಔಷಧ, ಆಮೇಲೆ ದವಾಖಾನಿ. ನೋಡಲು ಹೋದೆ. ಕಣ್ಣು ಅರಿಸಿನವಾಗಿತ್ತು. ದನಿ ಮಾತ್ರ ಹಾಗೇ ಇತ್ತು.

"ತಮ್ಮಾ, ನಾ ಹೋದ ಮ್ಯಾಲ ನಿಮ್ಮ ಪೇಪರಿನಾಗ ನಾಕ್ ಸಾಲು ಹಾಕ್ತಿ, ಹೌದಲ್ಲೊ?"

"ಅಂಥ ಮಾತ್ಯಾಕ್ರಿ ಅಕ್ಕೋರ."

"ಹಾಕ್ತಿ. ಹಾಕೂದು ನಿನ್ನ ಕೆಲಸ. ಹೆಸರಿನ ಮುಂದ ಡಾಕ್ಟರ್ ಹಾಕಬ್ಯಾಡ."

"ಕಷ್ಟಪಟ್ಟು ಗಳಿಸಿದ್ದಲ್ರಿ?"

"ಗಳಿಸೀನಿ. ಅದಕ್ಕ ಅದರಿಂದ ಹೊರಗ ಬರಾಕ ಆಗವಲ್ದು. ಇದೊಂದು ನಿನ್ನ ಕೈಯಾಗೈತಿ."

ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಹದಿನೈದು ಚೀಜುಗಳಲ್ಲಿ ಎಷ್ಟನ್ನು ಉಳಿದಿಬ್ಬರು ಹುಡುಗಿಯರಿಗೆ ಮುಟ್ಟಿಸಿದ್ದೀರಿ ಎಂದು ಕೇಳಿದೆ. ನನ್ನ ಕಿಸೆಯ ಕಡೆ ನೋಡಿದರು. ಪೆನ್ ಇತ್ತು. ಗೋಡೆಯ ಕಡೆ ಮುಖ ತಿರುಗಿಸಿದರು.

ಎಂಟನೆಯ ದಿನ ಮುಂಜಾನೆ ತೀರಿಕೊಂಡರು. ಮಣ್ಣು ಮುಗಿಸಿ ಬರುವಷ್ಟರಲ್ಲಿ ಹುಬ್ಬಳ್ಳಿಗೆ ಸುದ್ದಿಯ ಕವರ್ ಒಯ್ಯುವ ಬಸ್ಸು ಹೋಗಿತ್ತು. ಪೋಸ್ಟ್ ಆಫೀಸಿನಿಂದ ಟ್ರಂಕ್ ಕಾಲ್ ಮಾಡಿ ನಾಲ್ಕು ಸಾಲು ಹೇಳಿ ಬರೆಸಿದೆ. ಹೆಸರು, ಊರು, ಸಂಗೀತ ಶಿಕ್ಷಕಿ, ಶಿಷ್ಯೆಯರನ್ನು ಅಗಲಿದ್ದಾರೆ. ಬರೆದುಕೊಂಡದ್ದನ್ನು ಮತ್ತೆ ಓದಿಸಿ ಕೇಳಿದೆ. ಸರಿಯಾಗಿತ್ತು.

ಮರುದಿನ ಪತ್ರಿಕೆಯಲ್ಲಿ ನಾಲ್ಕೂ ಸಾಲು ಬಂದಿದ್ದವು. ಹೆಸರಿನ ಮುಂದೆ ಡಾ. ಎಂದಿತ್ತು. ಮತ್ತೆ ಪೋಸ್ಟ್ ಆಫೀಸಿಗೆ ಹೋಗಿ ಫೋನ್ ಮಾಡಿದೆ.

"ನೀವು ಬಿಟ್ಟಿದ್ರಿ," ಎಂದರು ಡೆಸ್ಕಿನವರು. "ಅನುಮಾನ ಬಂತು, ಕಾಲೇಜಿಗೆ ಫೋನ್ ಮಾಡಿ ಕೇಳಿದ್ವಿ. ದಾಖಲಾತಿ ನೋಡಿ ಹೇಳಿದ್ರು, ಹಾಕೇವಿ. ತಪ್ಪೈತೇನ್ರಿ?"

"ತಪ್ಪಿಲ್ಲ," ಎಂದು ಫೋನ್ ಇಟ್ಟೆ.